ಪಯಣಿಗನ ಗಂಟಿನ ಮದ್ದು

ದೂರದ ಪಯಣಕ್ಕೆ ಹೊರಟವರ ಗಂಟಿನಲ್ಲಿ ಬುತ್ತಿ, ಹೊದಿಕೆ, ದೇವರ ಪ್ರಸಾದಗಳ ಜೊತೆಗೆ ಒಂದಿಷ್ಟು ಒಣಶುಂಠಿಯೋ ಓಮವೋ ಇರುವುದು ನಮ್ಮಲ್ಲಿ ಹಳೆಯ ರೂಢಿ. ನೆಗಡಿ, ಹೊಟ್ಟೆನೋವುಗಳ ಮಟ್ಟಿಗೆ ಪಯಣಿಗನು ತನಗೆ ತಾನೇ ವೈದ್ಯನಾಗಬಹುದೆಂದು ಲೋಕ ಬಹು ಹಿಂದೆಯೇ ಒಪ್ಪಿದೆ. ಆದರೆ ಪ್ರಾಣವನ್ನೇ ತೆಗೆಯಬಲ್ಲ ರೋಗವೊಂದಕ್ಕೆ, ಆ ರೋಗ ಇನ್ನೂ ಬಂದಿಲ್ಲದಿರುವಾಗಲೇ, ವೈದ್ಯರು ಮದ್ದು ಬರೆದುಕೊಟ್ಟು, ಬಂದಿತೋ ಇಲ್ಲವೋ ಎಂಬುದನ್ನು ನೀವೇ ನಿರ್ಧರಿಸಿ ನುಂಗಿರೆಂದು ಹೇಳಿ ಕಳುಹಿಸುವುದು ಅಪರೂಪದ ಸಂಗತಿ. ಮಲೇರಿಯದ ವಿಷಯದಲ್ಲಿ ಇಂಥದೊಂದು ಏರ್ಪಾಡು ಇದೆ. ‘ಸ್ಟ್ಯಾಂಡ್‌ಬೈ ಟ್ರೀಟ್‌ಮೆಂಟ್’ ಎಂದು ಅದರ ಹೆಸರು. ನಾನು ಅದನ್ನು ಮೀಸಲು ಮದ್ದು ಎಂದು ಕರೆಯುತ್ತೇನೆ.

ಕನ್ನಡ ಪಾಠ ಹೇಳಿದವನಿಗೆ ಇದರ ಗೊಡವೆ ಏಕೆಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಪ್ರವಾಸ ಗ್ರಂಥಗಳನ್ನು ಓದುವ ಚಪಲ ನನಗೆ ಮೊದಲಿನಿಂದಲೂ ಉಂಟು. ಹಳೆಯ ಆಫ್ರಿಕ ಪ್ರವಾಸಗಳನ್ನು ಓದಿದವರಿಗೆ ಗೊತ್ತು: ಅವುಗಳಲ್ಲಿ ಸಿಂಹ, ನದಿ, ಜಲಪಾತಗಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಜ್ವರ. ಆ ಜ್ವರದ ಎದುರು ಪ್ರವಾಸಿಯ ಕೈಯಲ್ಲಿದ್ದ ಔಷಧದ ಪೆಟ್ಟಿಗೆಯ ಕಥೆಯನ್ನು ಬಿಡಿಸಿ ಓದಿಕೊಂಡರೆ ಮೀಸಲು ಮದ್ದಿನ ಚರಿತ್ರೆ ತಾನಾಗಿ ದೊರೆಯುತ್ತದೆ. ನಮ್ಮ ಮಲೆನಾಡಿನವರಿಗೆ ಚಳಿಜ್ವರದ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಅತ್ತ ಕಡೆಗೆ ವರ್ಗವಾದ ಸರ್ಕಾರಿ ನೌಕರರು ಕ್ವಿನೈನ್ ಕಟ್ಟಿಕೊಂಡೇ ಹೊರಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು.

ಮೊದಲು ಜ್ವರದ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಲೇರಿಯದಲ್ಲಿ ಹಲವು ಬಗೆಗಳಿವೆ. ವೈವಾಕ್ಸ್ ಎಂಬುದು ಜನರನ್ನು ನಡುಗಿಸಿ, ಬಳಲಿಸಿ, ತಿಂಗಳುಗಳ ಮೇಲೆ ಮತ್ತೆ ಮರುಕಳಿಸುವಂಥದು. ಫಾಲ್ಸಿಪಾರಮ್ ಎಂಬುದು ಹಾಗಲ್ಲ. ಮುಂಚೆ ಎಂದೂ ಆ ರೋಗ ತಗಲದವನನ್ನು ಅದು ಹಿಡಿದರೆ, ಮದ್ದು ಬೀಳದ ಪಕ್ಷದಲ್ಲಿ, ಕೆಲವೇ ದಿನಗಳಲ್ಲಿ ಮಿದುಳಿಗೂ ಮೂತ್ರಪಿಂಡಕ್ಕೂ ಕೈಹಾಕುತ್ತದೆ. ಇಂದು ಸಂಜೆ ಬಂದ ಜ್ವರಕ್ಕೆ ನಾಳಿದ್ದು ವೈದ್ಯರನ್ನು ಕಂಡರಾಯಿತೆಂಬ ಮಾತು ಅಲ್ಲಿ ನಡೆಯದು. ವೈದ್ಯರೇ ಇಲ್ಲದ ಕಡೆ ಅಲೆಯುವವನಿಗೆ ಒಂದು ದಿನದ ತಡವೆಂದರೆ ಸಾವು ಬದುಕಿನ ಪ್ರಶ್ನೆ. ಪಯಣಿಗನ ಕೈಗೆ ಮದ್ದನ್ನು ಕೊಡಬೇಕಾಗಿ ಬಂದದ್ದು ಈ ಕಾರಣದಿಂದ.

ಸಿಂಕೋನ ಮರದ ತೊಗಟೆಯಿಂದ ಕ್ವಿನೈನನ್ನು 1820ರಲ್ಲಿ ಬೇರ್ಪಡಿಸಿದವರು ಪೆಲ್ಲೆಟಿಯೆ ಮತ್ತು ಕವೆಂಟು ಎಂಬ ಫ್ರೆಂಚ್ ರಸಾಯನಜ್ಞರು. ಮದ್ದು ಸಿಕ್ಕಿತು, ಅದನ್ನು ಯಾವಾಗ, ಹೇಗೆ ಕೊಡಬೇಕೆಂಬುದು ತಿಳಿಯಲು ಇನ್ನೂ ಮೂವತ್ತು ವರ್ಷಗಳು ಬೇಕಾದವು. ಬ್ರಿಟಿಷ್ ಸರ್ಕಾರ 1841ರಲ್ಲಿ ಪಶ್ಚಿಮ ಆಫ್ರಿಕದ ನೈಜರ್ ನದಿಗೆ ಮೂರು ಹಡಗುಗಳ ತಂಡವನ್ನು ಕಳುಹಿಸಿತು. ಹೋದ ಯೂರೋಪಿಯನ್ನರಲ್ಲಿ ಬಹುಪಾಲು ಜನ ಜ್ವರದಿಂದ ಮಲಗಿದರು; 40ಕ್ಕೂ ಹೆಚ್ಚು ಮಂದಿ ಸತ್ತರು. ಹದಿಮೂರು ವರ್ಷಗಳ ಮೇಲೆ, 1854ರಲ್ಲಿ, ವಿಲಿಯಂ ಬೈಕಿ ಎಂಬ ವೈದ್ಯನ ನೇತೃತ್ವದಲ್ಲಿ ‘ಪ್ಲೈಯಡ್’ ಎಂಬ ಹಡಗು ಅದೇ ನದಿಯಲ್ಲಿ 118 ದಿನಗಳ ಕಾಲ ಸಂಚರಿಸಿತು. ಬೈಕಿ ತನ್ನ ಜನರಿಗೆ ಪ್ರತಿದಿನವೂ, ಜ್ವರ ಬರುವುದನ್ನು ಕಾಯದೆ, ಷೆರಿ ಎಂಬ ಮದ್ಯದಲ್ಲಿ ಕಲಸಿದ ಕ್ವಿನೈನ್ ಕುಡಿಸಿದ. ಒಬ್ಬನೂ ಸಾಯಲಿಲ್ಲ. ಬರುವ ಮುನ್ನವೇ ಮದ್ದು ತೆಗೆದುಕೊಂಡು ರೋಗವನ್ನು ತಡೆಯುವ ದಾರಿ ಹೀಗೆ ತೆರೆಯಿತು.

ಎರಡನೆಯ ದಾರಿ, ಎಂದರೆ ಮದ್ದನ್ನು ಜೊತೆಯಲ್ಲಿಟ್ಟುಕೊಂಡು ಜ್ವರ ಬಂದೊಡನೆ ನುಂಗುವುದು, ಡೇವಿಡ್ ಲಿವಿಂಗ್‌ಸ್ಟನ್ನನ ಹೆಸರಿನೊಡನೆ ಸೇರಿಕೊಂಡಿದೆ. ಆತ ಮತಪ್ರಚಾರಕನೂ ಹೌದು, ವೈದ್ಯನೂ ಹೌದು. 1850ರಲ್ಲಿ ಹೆಂಡತಿ ಮಕ್ಕಳೊಡನೆ ನ್ಗಾಮಿ ಸರೋವರದ ಕಡೆಗೆ ಹೋಗಿದ್ದಾಗ ಮಕ್ಕಳಿಗೆ ಜ್ವರ ಬಂದಿತು. ಆಗ ಆತ ಪ್ರಯೋಗಿಸಿದ ಗುಳಿಗೆಯೇ ಮುಂದೆ ‘ಲಿವಿಂಗ್‌ಸ್ಟನ್ ರೌಸರ್’ ಎಂದು ಪ್ರಸಿದ್ಧವಾದದ್ದು. ಮಲಗಿದವನನ್ನು ಎಬ್ಬಿಸಿ ನಿಲ್ಲಿಸುವ ಗುಳಿಗೆ ಎಂದು ಆ ಹೆಸರಿನ ಅರ್ಥ. ಅದರಲ್ಲಿದ್ದುದೇನು? ಕ್ವಿನೈನ್ ಒಂದು. ಉಳಿದವು ಜಲಾಪ್ ಎಂಬ ಮೆಕ್ಸಿಕೊ ದೇಶದ ಗೆಡ್ಡೆಯ ರಾಳ, ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ರೇವಾಚಿನ್ನಿ ಎಂದು ಸಿಗುವ ಬೇರು, ಕ್ಯಾಲೊಮೆಲ್ ಎಂಬ ಪಾದರಸದ ಲವಣ; ಇವು ಮೂರೂ ಭೇದಿಗೆ ಹಾಕುವಂಥವು. ಎಲ್ಲವನ್ನೂ ಉಂಡೆ ಕಟ್ಟುವುದಕ್ಕೆ ಏಲಕ್ಕಿಯ ಸಾರ. ಮಲೆನಾಡಿನ ಚಳಿಜ್ವರಕ್ಕೂ ಏಲಕ್ಕಿಗೂ ಇರುವ ನೆರೆಹೊರೆಯನ್ನು ನೆನೆದರೆ ಈ ಕೊನೆಯ ಸಾಮಗ್ರಿ ನಮ್ಮಲ್ಲಿ ಮುಗುಳ್ನಗೆ ತರಿಸಬಹುದು. ರೋಗಿಯನ್ನು ಎಬ್ಬಿಸಿದ್ದು ಕ್ವಿನೈನ್. ಉಳಿದವು ಪಾಪ, ಅವನನ್ನು ಬೇರೆ ಕಾರಣಕ್ಕಾಗಿ ಎಬ್ಬಿಸುತ್ತಿದ್ದಿರಬೇಕು. ಹೊಟ್ಟೆಯ ಕಲ್ಮಷ ಹೋಗದೆ ಜ್ವರ ಬಿಡದೆಂಬುದು ಆ ಕಾಲದ ವೈದ್ಯರ ನಂಬಿಕೆ. ಮಲೇರಿಯದ ರೋಗಾಣುವನ್ನು ಲಾವೆರಾನ್ ಕಂಡದ್ದು 1880ರಲ್ಲಿ. ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಹಿಡಿದದ್ದು 1897ರಲ್ಲಿ. ಕಾರಣ ಗೊತ್ತಿಲ್ಲದೆಯೇ ಮದ್ದು ಗೊತ್ತಿದ್ದ ದಿನಗಳವು.

ಲಿವಿಂಗ್‌ಸ್ಟನ್ 1858ರಿಂದ 1864ರವರೆಗೆ ಜಾಂಬೆಜಿ ನದಿಯ ಪ್ರವಾಸವನ್ನು ನಡೆಸಿದ. ಮೊದಮೊದಲು ಅಲ್ಲಿಯೂ ದಿನಂಪ್ರತಿ ಕ್ವಿನೈನ್ ಕುಡಿಸುವ ಕ್ರಮವಿತ್ತು. ಕುಡಿದರೂ ಜ್ವರ ಬರುತ್ತದೆ, ಕುಡಿಯದಿದ್ದರೂ ಬರುತ್ತದೆ ಎಂದು ಕಂಡು ಆತ ಅದನ್ನು ಕೈಬಿಟ್ಟ. ಬಂದ ಮೇಲೆ ಗುಳಿಗೆ ಕೊಡುವುದನ್ನೇ ನೆಚ್ಚಿದ. ಬೈಕಿಯ ಅನುಭವ ಒಂದನ್ನು ಹೇಳಿದರೆ ಈತನ ಅನುಭವ ಇನ್ನೊಂದನ್ನು ಹೇಳಿತು. ಪ್ರಮಾಣದ ಹೆಚ್ಚುಕಡಿಮೆಯೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾಗಿದ್ದಿರಬಹುದೆಂದು ನನಗನಿಸುತ್ತದೆ.

ಈ ಪ್ರವಾಸದ ಮೂರು ಘಟನೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂದಿನ ವೈದ್ಯರು ಮೀಸಲು ಮದ್ದಿನ ಜೊತೆಗೆ ಕೊಡುವ ಸೂಚನೆಗಳಲ್ಲಿ ಹಲವು ಆ ಘಟನೆಗಳಲ್ಲಿ ಆಗಲೇ ಬೀಜರೂಪದಲ್ಲಿದ್ದವು.

ರಿಚರ್ಡ್ ಥಾರ್ನ್‌ಟನ್ ಎಂಬ ತರುಣ ಭೂವಿಜ್ಞಾನಿ ತಂಡದಲ್ಲಿದ್ದ. ಕೆಲಸದಲ್ಲಿ ಮೈಗಳ್ಳನೆಂದು ಲಿವಿಂಗ್‌ಸ್ಟನ್ ಅವನನ್ನು 1859ರಲ್ಲಿ ಕೆಲಸದಿಂದ ತೆಗೆದುಹಾಕಿದ. ಆ ಹುಡುಗ ಆ ತಿಂಗಳುಗಳಲ್ಲಿ ಜ್ವರದಿಂದ ನವೆಯುತ್ತಿದ್ದ. ಮಲೇರಿಯ ಮೈಯನ್ನಷ್ಟೇ ಅಲ್ಲ, ಮನಸ್ಸನ್ನೂ ಕುಗ್ಗಿಸುತ್ತದೆ; ಏಳಬೇಕೆಂಬ ಇಚ್ಛೆಯನ್ನೇ ಕಿತ್ತುಕೊಳ್ಳುತ್ತದೆ. ಆ ನಾಡಿನ ಜ್ವರವನ್ನು ಚೆನ್ನಾಗಿ ಬಲ್ಲ ವೈದ್ಯನೊಬ್ಬ ಎದುರಿಗೇ ಇದ್ದೂ ಅದನ್ನು ಸೋಮಾರಿತನವೆಂದು ಓದಿದನಲ್ಲ! ರೋಗಿ ತಾನೇ ತನ್ನನ್ನು ಓದಿಕೊಳ್ಳಬೇಕಾದಾಗ ಗತಿಯೇನು?

ಎರಡನೆಯದು ಮೇರಿ ಲಿವಿಂಗ್‌ಸ್ಟನ್ನಳ ಸಾವು. ಬಹುಕಾಲದ ಅಗಲಿಕೆಯ ಮೇಲೆ ಆಕೆ 1862ರ ಆರಂಭದಲ್ಲಿ ಗಂಡನನ್ನು ಬಂದು ಸೇರಿದ್ದಳು. ಏಪ್ರಿಲ್ ತಿಂಗಳಲ್ಲಿ ಶುಪಾಂಗ ಎಂಬಲ್ಲಿ ಜ್ವರ ಬಂದಿತು. ಗುಳಿಗೆಯನ್ನು ರೂಪಿಸಿದ ಗಂಡನೇ ಪಕ್ಕದಲ್ಲಿದ್ದ. ಜಾನ್ ಕಿರ್ಕ್ ಎಂಬ ಇನ್ನೊಬ್ಬ ಸಮರ್ಥ ವೈದ್ಯನೂ ಇದ್ದ. ಆದರೆ ಬಿಡದ ವಾಂತಿ. ಕೊಟ್ಟ ಮದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಏಪ್ರಿಲ್ 27ರ ಸಂಜೆ ಆಕೆ ತೀರಿಕೊಂಡಳು. ನದಿಯ ದಡದ ದೊಡ್ಡ ಬಾವೊಬಾಬ್ ಮರದ ಕೆಳಗೆ ಆಕೆಯ ಸಮಾಧಿ ಮಾಡಿದರು. ಮದ್ದು ಇತ್ತು, ವೈದ್ಯರಿದ್ದರು, ರೋಗ ಯಾವುದೆಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಬಾಯಿಯ ಮೂಲಕ ಕೊಡುವ ಮದ್ದಿಗೆ ಒಂದು ಎಲ್ಲೆ ಇತ್ತು.

ಮೂರನೆಯದು ಆತನ ಕೊನೆಯ ಪ್ರವಾಸಕ್ಕೆ ಸೇರಿದ್ದು. 1866ರ ಜನವರಿಯಲ್ಲಿ ಮುಂಬಯಿಯಿಂದ ಹೊರಟು, ಅಲ್ಲಿಂದಲೇ ಕರೆದೊಯ್ದ ಕೆಲವು ಸಿಪಾಯಿಗಳೊಡನೆಯೂ ನಾಸಿಕದ ಶಾಲೆಯಲ್ಲಿ ಬೆಳೆದ ಆಫ್ರಿಕದ ಹುಡುಗರೊಡನೆಯೂ ಆತ ಒಳನಾಡನ್ನು ಹೊಕ್ಕ. ಒಂದು ವರ್ಷದ ಮೇಲೆ, 1867ರ ಜನವರಿ 20ರಂದು, ಹೊರೆ ಹೊರುತ್ತಿದ್ದ ಇಬ್ಬರು ತಂಡವನ್ನು ಬಿಟ್ಟು ಓಡಿಹೋದರು. ಅವರೊಡನೆ ಹೋದ ಹೊರೆಯಲ್ಲಿ ಔಷಧದ ಪೆಟ್ಟಿಗೆಯಿತ್ತು. ತನಗೆ ಮರಣದಂಡನೆ ವಿಧಿಸಿದಂತಾಯಿತೆಂಬ ಅರ್ಥದ ಮಾತನ್ನು ಆತ ಅಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆ ಬಳಿಕ ಪದೇ ಪದೇ ಜ್ವರ, ರಕ್ತಭೇದಿ, ನಿಶ್ಶಕ್ತಿ. 1873ರ ಮೇ ಮೊದಲ ದಿನ ಚಿತಾಂಬೊ ಎಂಬ ಹಳ್ಳಿಯಲ್ಲಿ ಸತ್ತ. ಆ ಪೆಟ್ಟಿಗೆಯನ್ನು ಎಲ್ಲರ ಹೊರೆಯಲ್ಲೂ ಹಂಚಿಟ್ಟಿದ್ದರೆ ಏನಾಗುತ್ತಿತ್ತೋ! ಆತನ ಗುಳಿಗೆಯನ್ನು ಮುಂದೆ ಬರೋಸ್ ವೆಲ್‌ಕಮ್ ಕಂಪನಿ ಅದೇ ಹೆಸರಿನಲ್ಲಿ ಮಾರಿತು.

ನಮ್ಮ ದೇಶದಲ್ಲೂ ಇದಕ್ಕೆ ಹೋಲುವ ಏರ್ಪಾಡೊಂದು ನಡೆಯಿತು. ಅದು ಪ್ರವಾಸಿಗರಿಗಾಗಿ ಅಲ್ಲ, ಹಳ್ಳಿಯವರಿಗಾಗಿ. ನೀಲಗಿರಿಯಲ್ಲೂ ಡಾರ್ಜಿಲಿಂಗಿನ ಕಡೆಯಲ್ಲೂ ಸಿಂಕೋನ ತೋಟಗಳು ಬೆಳೆದ ಮೇಲೆ, 1892ರಲ್ಲಿ, ಬಂಗಾಳದ ಅಂಚೆಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣದಂತೆ ಕ್ವಿನೈನ್ ಮಾರತೊಡಗಿದರು. ಕಾಗದ, ಮನಿಯಾರ್ಡರುಗಳ ಜೊತೆಗೆ ಕಹಿ ಪುಡಿ. ವೈದ್ಯರಿಲ್ಲದ ಊರಿಗೆ ಅಂಚೆಯವನೇ ವೈದ್ಯನ ಬದಲು. ಯೋಜನೆಯ ಆಶಯ ಒಳ್ಳೆಯದೇ. ಆದರೆ ಒಂದು ಪೊಟ್ಟಣದಿಂದ ರೋಗ ವಾಸಿಯಾಗದು. ದಿನಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕು. ಚಳಿ ಬಿಟ್ಟೊಡನೆ ಮದ್ದನ್ನೂ ಬಿಡುವುದು ಬಡವನಿಗೂ ಬಲ್ಲಿದನಿಗೂ ಸಮಾನವಾದ ದೌರ್ಬಲ್ಯ.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1934ರಲ್ಲಿ ಜರ್ಮನಿಯ ಬೇಯರ್ ಪ್ರಯೋಗಾಲಯದಲ್ಲಿ ಹಾನ್ಸ್ ಆಂಡರ್‌ಸಾಗ್ ತಯಾರಿಸಿದ ಕ್ಲೋರೊಕ್ವಿನ್, ಎರಡನೆಯ ಮಹಾಯುದ್ಧದ ಬಳಿಕ ಲೋಕವನ್ನೆಲ್ಲ ವ್ಯಾಪಿಸಿತು. ವಾರಕ್ಕೊಮ್ಮೆ ಅದನ್ನು ನುಂಗಿದ ಪ್ರವಾಸಿ ನಿಶ್ಚಿಂತನಾಗಿರುತ್ತಿದ್ದ. ಆ ನೆಮ್ಮದಿ ಹೆಚ್ಚು ಕಾಲ ನಿಲ್ಲಲಿಲ್ಲ. 1950ರ ದಶಕದ ಕೊನೆಗೆ ಥಾಯ್ಲೆಂಡ್–ಕಾಂಬೋಡಿಯ ಗಡಿಯಲ್ಲೂ ಕೊಲಂಬಿಯದಲ್ಲೂ ಅದಕ್ಕೆ ಬಗ್ಗದ ಫಾಲ್ಸಿಪಾರಮ್ ಕಾಣಿಸಿಕೊಂಡಿತು. 1978ರ ಸುಮಾರಿಗೆ ಪೂರ್ವ ಆಫ್ರಿಕದಲ್ಲೂ ಅದು ಬಯಲಾಯಿತು. ಬಯಲಾದದ್ದು ಹೊರಗಿನಿಂದ ಹೋಗಿದ್ದ ಪಯಣಿಗರ ರಕ್ತದಲ್ಲಿ.

ಆಗ ಅಮೆರಿಕದ ವೈದ್ಯರು ಫ್ಯಾನ್ಸಿಡಾರ್ ಎಂಬ ಇನ್ನೊಂದು ಮಾತ್ರೆಯನ್ನು ವಾರಕ್ಕೊಮ್ಮೆ ಕೊಡತೊಡಗಿದರು. ಅದನ್ನು ತೆಗೆದುಕೊಂಡ ಕೆಲವರಿಗೆ ಮೈಯ ಚರ್ಮವೇ ಸುಲಿದುಬರುವಂಥ ಭೀಕರ ವ್ಯಾಧಿ ಹುಟ್ಟಿ, ಕೆಲವರು ಸತ್ತರು. ಆರೋಗ್ಯವಂತನಿಗೆ, ಇನ್ನೂ ಬಾರದ ರೋಗಕ್ಕಾಗಿ ಕೊಟ್ಟ ಮದ್ದು ಕೊಂದಿತೆಂದರೆ ವೈದ್ಯನ ಮನಸ್ಸಿಗೆ ಏನಾಗಬೇಕು! 1985ರಲ್ಲಿ ಅಲ್ಲಿಯ ಆರೋಗ್ಯ ಇಲಾಖೆ ಸಲಹೆಯನ್ನು ತಿದ್ದಿತು. ಫ್ಯಾನ್ಸಿಡಾರನ್ನು ವಾರವಾರವೂ ನುಂಗುವ ಬದಲು ಮೂರು ಮಾತ್ರೆಗಳನ್ನು ಜೊತೆಯಲ್ಲಿ ಒಯ್ಯುವುದು, ಜ್ವರ ಬಂದು ವೈದ್ಯರು ದೊರೆಯದಿದ್ದರೆ ಮೂರನ್ನೂ ಒಟ್ಟಿಗೆ ನುಂಗುವುದು, ಆಮೇಲೆ ಆದಷ್ಟು ಬೇಗ ವೈದ್ಯರನ್ನು ಕಾಣುವುದು. ಲಿವಿಂಗ್‌ಸ್ಟನ್ನನ ದಾರಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಹೀಗೆ ಶಾಸ್ತ್ರದ ಒಪ್ಪಿಗೆಯೊಡನೆ ಮರಳಿ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ ಮೀಸಲು ಮದ್ದನ್ನು ತನ್ನ ಪ್ರವಾಸಿಗಳ ಕೈಪಿಡಿಯಲ್ಲಿ ಸೇರಿಸಿತು.

ಮುಂದೆ ಒಂದು ಪೆಟ್ಟು ಬಿದ್ದಿತು. ಹ್ಯಾಲೊಫ್ಯಾಂಟ್ರಿನ್ ಎಂಬ ಹೊಸ ಮದ್ದನ್ನು ಮೀಸಲು ಮದ್ದಾಗಿ ಅನೇಕರು ಒಯ್ಯುತ್ತಿದ್ದರು. ಅದು ಕೆಲವರ ಹೃದಯದ ಬಡಿತವನ್ನು ತಪ್ಪಿಸಿ, ಒಮ್ಮೆಲೇ ಸಾವು ತರುತ್ತದೆಂದು 1993ರಲ್ಲಿ ಬೆಳಕಿಗೆ ಬಂದಿತು. ಹೃದಯದ ವಿದ್ಯುತ್ ರೇಖೆಯನ್ನು ನೋಡದೆ ಕೊಡಬಾರದ ಮದ್ದನ್ನು ಕಾಡಿನಲ್ಲಿ ಒಬ್ಬನೇ ನುಂಗುವವನ ಕೈಗೆ ಕೊಡುವುದು ಹೇಗೆ? ಅದನ್ನು ಕೈಬಿಟ್ಟರು. ಈಗ ಹೆಚ್ಚಾಗಿ ಬರೆದುಕೊಡುವವು ಎರಡು. ಒಂದು ಆರ್ಟಿಮೀಥರ್–ಲ್ಯುಮಿಫ್ಯಾಂಟ್ರಿನ್; ಚೀನದ ತು ಯೂಯೂ ಎಂಬಾಕೆ ತಮ್ಮ ನಾಡಿನ ಹಳೆಯ ವೈದ್ಯಗ್ರಂಥಗಳ ಜಾಡು ಹಿಡಿದು 1972ರ ಹೊತ್ತಿಗೆ ಪಡೆದ, 2015ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಸಾರದ ವಂಶಕ್ಕೆ ಸೇರಿದ್ದು. ಇನ್ನೊಂದು ಅಟೊವಕ್ವೋನ್–ಪ್ರೊಗ್ವಾನಿಲ್. ಎರಡೂ ಮೂರು ದಿನಗಳ ಚಿಕಿತ್ಸೆ. ಮೊದಲನೆಯದನ್ನು ದೊಡ್ಡವರು ನಾಲ್ಕು ನಾಲ್ಕರಂತೆ ಆರು ಸಲ, ಎರಡನೆಯದನ್ನು ದಿನಕ್ಕೊಮ್ಮೆ ನಾಲ್ಕರಂತೆ ತೆಗೆದುಕೊಳ್ಳಬೇಕು. ಜಿಡ್ಡಿನ ಆಹಾರದೊಡನೆಯೋ ಹಾಲಿನೊಡನೆಯೋ ತೆಗೆದುಕೊಂಡರೆ ಮೈಗೆ ಹತ್ತುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ವಿಟ್ಸರ್‌ಲೆಂಡಿನಲ್ಲಿ ನೆಲಸಿದ್ದಾನೆ. ಕರಾವಳಿಯ ಕಡೆಯವನು. ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ನನ್ನ ಮನೆಗೂ ಬಂದು ಒಂದು ಪೊಟ್ಟಣವನ್ನೂ ಜರ್ಮನ್ ಭಾಷೆಯ ಒಂದು ಹಾಳೆಯನ್ನೂ ಮೇಜಿನ ಮೇಲಿಟ್ಟ. “ನೋಡಿ ಸಾರ್, ನಮ್ಮೂರಿಗೆ ಬರುವುದಕ್ಕೆ ನನಗೆ ಇದನ್ನು ಬರೆದುಕೊಟ್ಟಿದ್ದಾರೆ!” ಎಂದು ನಕ್ಕ. ನಗುವಿನಲ್ಲಿ ಸ್ವಲ್ಪ ನೋವೂ ಇತ್ತು. ತಾನು ಹುಟ್ಟಿದ ಮಣ್ಣಿಗೆ ತನ್ನನ್ನು ಪರಕೀಯನಂತೆ ಕಳುಹಿಸಿದರಲ್ಲ ಎಂದು. ಆದರೆ ವೈದ್ಯರ ಲೆಕ್ಕ ಸರಿಯಾಗಿಯೇ ಇತ್ತು. ಮಲೇರಿಯ ಮತ್ತೆ ಮತ್ತೆ ತಗಲುವ ನಾಡುಗಳಲ್ಲಿ ಜನರ ಮೈಗೆ ಒಂದಷ್ಟು ತಾಳುವ ಶಕ್ತಿ ಬರುತ್ತದೆ. ಅಲ್ಲಿಂದ ಹೊರಟುಹೋದವರಲ್ಲಿ ಕೆಲವು ವರ್ಷಗಳಲ್ಲೇ ಅದು ಕರಗುತ್ತದೆ. ತನಗೇನೂ ಆಗದೆಂದು ನಂಬಿ ತವರಿಗೆ ಮರಳುವವರೇ ಮಲೇರಿಯಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆಂಬುದು ಬ್ರಿಟನ್ನಿನ ವೈದ್ಯರ ಅನುಭವ. ಮಂಗಳೂರು ಪಟ್ಟಣವಂತೂ 1990ರ ದಶಕದಿಂದ ಮಲೇರಿಯಕ್ಕೆ ಹೆಸರಾಗಿತ್ತು.

ಆ ಹಾಳೆಯನ್ನು ಅವನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ. ಪೊಟ್ಟಣಕ್ಕಿಂತ ಹಾಳೆಯೇ ಬೆಲೆಯುಳ್ಳದ್ದೆಂದು ನನಗೆ ಅನಿಸಿದ್ದು ಆಗ. ವೈದ್ಯರು ಮೊದಲು ಪ್ರವಾಸದ ದಾರಿಯನ್ನು ಕೇಳಿದ್ದರು: ಎಲ್ಲೆಲ್ಲಿಗೆ, ಎಷ್ಟು ದಿನ, ಆಸ್ಪತ್ರೆ ಎಷ್ಟು ದೂರ, ಬೇರೆ ಯಾವ ಮದ್ದು ಸೇವಿಸುತ್ತೀರಿ, ಹೃದಯದ ತೊಂದರೆಯುಂಟೇ, ತೂಕವೆಷ್ಟು. ರೋಗದ ಭಯ ಕಡಮೆಯಿರುವ ನಾಡಿಗೆ ಹೋಗುವವನು ದಿನವೂ ತಡೆಮದ್ದು ನುಂಗಿದರೆ ಅದರ ಉಪದ್ರವವೇ ಹೆಚ್ಚಾಗಬಹುದು. ಅಂಥವನಿಗೆ ಸೊಳ್ಳೆಪರದೆ ಮತ್ತು ಮೀಸಲು ಮದ್ದು ಸಾಕು. ಭಯ ಹೆಚ್ಚಿರುವ ಆಫ್ರಿಕದಂಥ ಕಡೆಗೆ ಹೋಗುವವನಿಗಾದರೋ ತಡೆಮದ್ದು ಬೇಕೇ ಬೇಕು. ವೈದ್ಯರಿಂದ ಬಹುದೂರ ಹೋಗುವುದಾದರೆ ಮೀಸಲು ಮದ್ದು ಅದರ ಜೊತೆಗೆ, ಅದರ ಬದಲಿಗಲ್ಲ. ತಡೆಮದ್ದಾಗಿ ಕೊಟ್ಟದ್ದನ್ನೇ ಮೀಸಲು ಮದ್ದಾಗಿ ಕೊಡುವುದಿಲ್ಲ. ಅದನ್ನು ಮೀರಿ ಬಂದ ಜ್ವರ ಅದಕ್ಕೇ ಬಗ್ಗುವುದೆಂದು ನಂಬುವಂತಿಲ್ಲವಲ್ಲ. ಗರ್ಭಿಣಿಯರನ್ನೂ ಎಳೆಯ ಮಕ್ಕಳನ್ನೂ ಇಂಥ ಪೊಟ್ಟಣದ ಭರವಸೆಯ ಮೇಲೆ ಕಾಡಿಗೆ ಕಳುಹಿಸಲು ವೈದ್ಯರು ಹಿಂಜರಿಯುತ್ತಾರೆ. ಆ ಪ್ರವಾಸವನ್ನೇ ಮುಂದಕ್ಕೆ ಹಾಕಿರೆನ್ನುತ್ತಾರೆ.

ಹಾಳೆಯ ಮೊದಲ ಮಾತು: ಜ್ವರ ಬಂದು ಇಪ್ಪತ್ತನಾಲ್ಕು ಗಂಟೆಗಳೊಳಗೆ ವೈದ್ಯರು ಸಿಗುವಂತಿದ್ದರೆ ಪೊಟ್ಟಣವನ್ನು ಮುಟ್ಟಬೇಡಿ, ಹೋಗಿ ರಕ್ತಪರೀಕ್ಷೆ ಮಾಡಿಸಿ. ಮಂಗಳೂರಿನ ಮಟ್ಟಿಗೆ ಇಷ್ಟೇ ಸಾಕಾಗಿತ್ತು. ಅಲ್ಲಿ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಎರಡನೆಯದು: ಆ ನಾಡನ್ನು ಹೊಕ್ಕು ಏಳು ದಿನ ತುಂಬುವ ಮೊದಲು ಬಂದ ಜ್ವರ ಮಲೇರಿಯವಲ್ಲ. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಯಕೃತ್ತನ್ನು ಸೇರಿ, ಅಲ್ಲಿ ಬೆಳೆದು, ಬಳಿಕ ರಕ್ತಕ್ಕೆ ಇಳಿಯಬೇಕು. ಅದಕ್ಕೆ ಕಡೆಯ ಪಕ್ಷ ಒಂದು ವಾರ ಬೇಕು. ಮೂರನೆಯ ದಿನದ ಜ್ವರಕ್ಕೆ ಹೆದರಿ ಮಾತ್ರೆ ನುಂಗಿದವನು, ತನ್ನ ನಿಜವಾದ ರೋಗವನ್ನು ಹಾಗೆಯೇ ಬೆಳೆಯಗೊಟ್ಟಂತಾಯಿತು. ಮೈ ಬಿಸಿಯಾಗಿದೆ ಎಂಬ ಊಹೆ ಸಾಲದು, ಜ್ವರಮಾಪಕ ಇಟ್ಟು ನೋಡಬೇಕು. ನುಂಗತೊಡಗಿದರೆ, ಎರಡನೆಯ ದಿನಕ್ಕೆ ಜ್ವರ ಇಳಿದರೂ, ಮೂರು ದಿನ ಪೂರೈಸಬೇಕು. ಬಂಗಾಳದ ಒಂದು ಪೈಸೆಯ ಪೊಟ್ಟಣ ನನಗೆ ಇಲ್ಲಿ ನೆನಪಾಯಿತು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಷ್ಟನ್ನೇ ಮತ್ತೆ ತೆಗೆದುಕೊಳ್ಳಬೇಕು. ವಾಂತಿ ನಿಲ್ಲದಿದ್ದರೆ ಮಾತ್ರೆಯನ್ನು ನೆಚ್ಚದೆ, ಹೇಗಾದರೂ ಮಾಡಿ, ಸೂಜಿಮದ್ದು ದೊರೆಯುವ ಆಸ್ಪತ್ರೆಯನ್ನು ತಲುಪಬೇಕು. ಶುಪಾಂಗದಲ್ಲಿ ಆ ಸೂಜಿಯೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ.

ಮದ್ದನ್ನು ಹೊರಡುವ ಮೊದಲೇ ಊರಿನಲ್ಲಿ ಕೊಳ್ಳಬೇಕು ಎಂದೂ ಹಾಳೆ ಹೇಳುತ್ತಿತ್ತು. ಆಗ್ನೇಯ ಏಷ್ಯದಲ್ಲಿ 2000ದ ಆಸುಪಾಸಿನಲ್ಲಿ ಮಲೇರಿಯದ ಖೋಟಾ ಮಾತ್ರೆಗಳು, ಕಂಪನಿಯ ಹೊಳೆಯುವ ಮುದ್ರೆಯನ್ನೂ ನಕಲು ಮಾಡಿಕೊಂಡು, ಮಾರುಕಟ್ಟೆ ತುಂಬಿದ್ದವು. ಪೊಟ್ಟಣವನ್ನು ವಿಮಾನದಲ್ಲಿ ಸಾಮಾನಿನೊಡನೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕೆಂಬುದನ್ನು ವೈದ್ಯರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಓಡಿಹೋದ ಆ ಇಬ್ಬರನ್ನು ನೆನೆದು ನಾನು ತಲೆದೂಗಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಸಾಲು ಬೇರೊಂದು. ಈ ಹಾಳೆಯನ್ನು ನಿಮ್ಮ ಜೊತೆಗಾರರಿಗೂ ಓದಿ ಹೇಳಿರಿ ಎಂದಿತ್ತು. ಜ್ವರವೇರಿದವನ ತೀರ್ಮಾನವನ್ನು ನಂಬುವಂತಿಲ್ಲ. ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಕಾಗದದ ಪಟ್ಟಿಯ ಮೇಲೆ ಪರೀಕ್ಷಿಸಿಕೊಳ್ಳುವ ಸಾಧನಗಳು ಈಗ ಬಂದಿವೆ. ಆದರೆ ಕಾಯಿಲೆಯಾದ ಪ್ರವಾಸಿಗಳ ಕೈಗೆ ಅವನ್ನು ಕೊಟ್ಟು ನೋಡಿದಾಗ, ಸುಲಭವೆನಿಸುವ ಆ ಕೆಲಸವನ್ನೂ ಮಾಡಿಕೊಳ್ಳಲಾರದೆ ಹೋದವರಿದ್ದರು. ಥಾರ್ನ್‌ಟನ್ನನ ಪಕ್ಕದಲ್ಲಿ ಇಂಥ ಹಾಳೆಯನ್ನು ಓದಿದ ಗೆಳೆಯನೊಬ್ಬನಿದ್ದರೆ ಸೋಮಾರಿ ಎಂಬ ಹೆಸರಾದರೂ ಅವನಿಗೆ ತಪ್ಪುತ್ತಿತ್ತು.

ಇಂಥ ಮದ್ದನ್ನು ಜನರ ಕೈಗೆ ಕೊಡುವುದೇ ತಪ್ಪೆನ್ನುವ ವೈದ್ಯರೂ ಇದ್ದಾರೆ. ಮಲೇರಿಯವೆಂದು ತಿಳಿದು ಮಾತ್ರೆ ನುಂಗಿದವರಲ್ಲಿ ಎಷ್ಟೋ ಮಂದಿಗೆ ಆಮೇಲೆ ನೋಡಿದರೆ ಅದು ಡೆಂಗೆಯೋ ವಿಷಮಶೀತವೋ ಇನ್ನಾವುದೋ ಆಗಿರುತ್ತದೆ ಎಂಬುದು ಅವರ ಆಕ್ಷೇಪ. ಆಕ್ಷೇಪ ನಿಜ. ಮಾತ್ರೆ ನುಂಗಿದ ಮೇಲೂ ವೈದ್ಯರನ್ನು ಕಾಣಲೇಬೇಕೆಂದು ಹಾಳೆ ಎರಡು ಕಡೆ ಹೇಳುವುದು ಅದಕ್ಕಾಗಿಯೇ. ಆದರೂ ನಾಲ್ಕು ದಿನದ ಕಾಲುದಾರಿಯಾಚೆ ಇರುವವನಿಗೆ, ತಪ್ಪಾಗಿ ನುಂಗಿದ ಹನ್ನೆರಡು ಮಾತ್ರೆಗಳಿಗಿಂತ ನುಂಗಲು ಏನೂ ಇಲ್ಲದಿರುವುದು ಹೆಚ್ಚಿನ ಅಪಾಯವೆಂದೇ ನನ್ನ ಎಣಿಕೆ.

ಹಾಳೆಯ ಕಡೆಯ ಸಾಲು ಹಿಂದಿರುಗಿದ ಮೇಲಿನದು. ಮನೆಗೆ ಮರಳಿ ವಾರಗಳಾಗಿರಲಿ, ತಿಂಗಳುಗಳೇ ಆಗಿರಲಿ, ಜ್ವರ ಬಂದರೆ ಉಳಿದ ಮಾತ್ರೆಗಳನ್ನು ತೆಗೆದು ನುಂಗಕೂಡದು. ಅಂದೇ ವೈದ್ಯರಲ್ಲಿಗೆ ಹೋಗಬೇಕು, ಹೋದೊಡನೆ ಅವರು ಕೇಳುವ ಮುನ್ನವೇ ತಾನು ಯಾವ ನಾಡಿನಲ್ಲಿದ್ದೆನೆಂಬುದನ್ನು ಹೇಳಬೇಕು.